ಖಾರದ ಗಿರಣಿಗೆ ಬಿದ್ದ ಜೋಳ

“ಮೊದ್ಲು ಇದನ್ನ ತಿನ್ನಪಾ,” ಎಂದು ನಮ್ಮ ಓಣಿಯ ಶಾಂತವ್ವ ಗಿರಣಿಗೆ ಬಂದು ಜೋಳದ ರೊಟ್ಟಿಯ ಚೂರೊಂದನ್ನು ನನ್ನ ಕೈಗಿತ್ತರು. ಬಾಯಿಗಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ರೊಟ್ಟಿಯೇ ಖಾರ!

ಬ್ಯಾಡಗಿಯ ನನ್ನ ಗಿರಣಿಯಲ್ಲಿ ಜೋಳಕ್ಕೊಂದು, ಮೆಣಸಿನಕಾಯಿಗೊಂದು ಯಂತ್ರವಿದೆ. ಹಿಂದಿನ ದಿನ ಹೊರಗೆ ನಿಂತಿದ್ದ ಯಾರದೋ ಹೊಸ ಟ್ರ್ಯಾಕ್ಟರ್ ನೋಡುತ್ತ, ಶಾಂತವ್ವನ ಜೋಳವನ್ನು ಖಾರದ ಯಂತ್ರಕ್ಕೆ ಸುರಿದಿದ್ದೆ. ಹಿಟ್ಟು ಕೆಂಪಾಗಿ ಬಂದದ್ದೂ ತಿಳಿದಿರಲಿಲ್ಲ. ಕಾಯಂ ಗಿರಾಕಿ ಕೈತಪ್ಪಿದರೆಂದು ಹೆದರಿ, ಬೇರೆ ಹಿಟ್ಟು ಕೊಡುತ್ತೇನೆ ಎಂದೆ. ನನಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದೇ ಕಡೆ ನಿಲ್ಲುವುದಿಲ್ಲ ಎಂದು ಹಾವೇರಿಯ ಡಾಕ್ಟರು ಈಚೆಗೆ ಹೇಳಿದ್ದನ್ನೂ ತಿಳಿಸಿದೆ.

“ಅದನ್ನ ಹೇಳಾಕ ಡಾಕ್ಟರ್ ಬೇಕಾತೇನು? ಇಡೀ ಓಣಿಗೆ ಗೊತ್ತೈತಿ!” ಎಂದು ನಕ್ಕ ಶಾಂತವ್ವ, ಅಲ್ಲೇ ಇದ್ದ ಚೀಲದಿಂದ ಕೆಂಪು ಮೆಣಸಿನಕಾಯಿ ತೆಗೆದು, ದಾರಕ್ಕೆ ಪೋಣಿಸಿ ಖಾರದ ಯಂತ್ರಕ್ಕೆ ಕಟ್ಟಿದರು. “ಇನ್ನ ಮ್ಯಾಲೆ ಇದನ್ನ ನೋಡಿ ಸುರೀಪಾ.”

ದೃಷ್ಟಿಯಾಗದಿರಲೆಂದು ಕಟ್ಟಿದ ಸರ ಅದು ಎಂದು ಬೇರೆ ಗಿರಾಕಿಗಳು ತಿಳಿದಿದ್ದಾರೆ. ಶಾಂತವ್ವ ಬಂದಾಗಲೆಲ್ಲ ಮೊದಲು ಆ ಸರ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಜೋಳದ ಡಬ್ಬಿಯನ್ನು ಮಾತ್ರ ಇಂದಿಗೂ ನನ್ನ ಕೈಗೇ ಕೊಡುತ್ತಾರೆ.