ಕೆಂಪು ದಾರದ ಬಾಲ

ನಮ್ಮ ಮಾವನವರ ಬಲಗಿವಿಯ ಮೇಲೆ ಸದಾ ಒಂದು ಕೆಂಪು ದಾರ ನೇತಾಡುತ್ತಿತ್ತು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಇವರು ಗೇಣುದ್ದದ ದಾರ ಸಿಕ್ಕಿಸಿಕೊಂಡು, ಅದನ್ನು ಮರೆತು, ಹಾಗೇ ಮದುವೆಮನೆಗೂ ಹೋಗಿಬಿಡುತ್ತಿದ್ದರು. ಸೊಸೆಯಾಗಿ ಹಿನಕಲ್ಲಿನ ಈ ಮನೆಗೆ ಬಂದ ಹೊಸದರಲ್ಲಿ ನಾನು ಅದು ಯಾವುದೋ ಹರಕೆಯ ದಾರವೆಂದು ತಿಳಿದಿದ್ದೆ. ಕೇಳಲು ಧೈರ್ಯವಿರಲಿಲ್ಲ. ಅವರದು ದಪ್ಪ ಹುಬ್ಬು, ದೊಡ್ಡ ದನಿ, ಮುಂಗೋಪ. ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಮಾವನ ಮೇಲೆ ದನಿ ಎತ್ತಬಲ್ಲವರೆಂದರೆ ಅವರ ಅಕ್ಕ ಒಬ್ಬರೇ, ನಾವೆಲ್ಲ ದೊಡ್ಡತ್ತೆ ಎಂದು ಕರೆಯುತ್ತಿದ್ದವರು.

ಒಂದು ದಿನ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಮಾವ ಬಾಗಿಲಲ್ಲಿ ಬಂದು ನಿಂತರು.

"ಏನಮ್ಮ, ಕೆಂಪು ದಾರ ಐತಾ? ಗಟ್ಟೀದು ಬೇಕು."

ಉಂಡೆಯನ್ನೇ ಕೊಟ್ಟೆ. ಹತ್ತಿ ಬಟ್ಟೆಯ ಚೂರುಗಳನ್ನೂ ಕೇಳಿದರು. ಅಂಚು ಬಿಚ್ಚಿಕೊಳ್ಳಬಾರದು ಎಂದರು. ನಾನು ಅಂಚು ಮಡಿಚಿ ಹೊಲಿದುಕೊಟ್ಟೆ. ಬೆಳಕಿಗೆ ಹಿಡಿದು, ಎರಡೂ ಕಡೆ ಎಳೆದು ನೋಡಿ, "ಇದಪ್ಪ ಕೆಲ್ಸ" ಎಂದರು. ಮದುವೆಯಾದ ಮೇಲೆ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಶಹಬ್ಬಾಸ್‌ಗಿರಿ ಅದು. ಉಬ್ಬಿಹೋಗಿ ಅವರ ಹಿಂದೆಯೇ ಕೊಟ್ಟಿಗೆಗೆ ಹೋದೆ.

ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹಸು ಕಟ್ಟುತ್ತಿದ್ದರಂತೆ. ಹೊಲಗಳು ಸೈಟುಗಳಾಗಿ, ಸುತ್ತ ಮೂರಂತಸ್ತಿನ ಮನೆಗಳೆದ್ದ ಮೇಲೂ ಕೊಟ್ಟಿಗೆ ಮಾತ್ರ ಉಳಿದಿತ್ತು. ಹಸು ಮೇಯುತ್ತಿದ್ದ ಗೊಂತಿನಲ್ಲಿ ಎಣ್ಣೆ ಸವರಿದ ಬೋಲ್ಟುಗಳನ್ನು ಸಾಲಾಗಿ ಇಟ್ಟಿದ್ದರು. ಮಧ್ಯದಲ್ಲಿ ಒಂದು ಹಳೆಯ ಪುಟ್ಟ ಕಾರು, ದುಂಡು ದೀಪ, ಗಿಡ್ಡ ಮೂತಿ. ಮಾವ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಪ್ರಾಯದಲ್ಲಿ ರಜೆಯ ದಿನ ರ‍್ಯಾಲಿ ಓಡಿಸುವವರಿಗೆ ಇಂಜಿನ್ ಕಟ್ಟಿಕೊಡುತ್ತಿದ್ದರು. ನಿವೃತ್ತಿಯಾದ ಮೇಲೆ, ಯಾರದೋ ಹಿತ್ತಿಲಲ್ಲಿ ಕೋಳಿ ಕಾವಿಗೆ ಕೂರುತ್ತಿದ್ದ ಈ ಕಾರನ್ನು ತಂದು, ಇದಕ್ಕೆ ಆ ಕಾಲದ ರ‍್ಯಾಲಿ ಇಂಜಿನ್ನನ್ನೇ ಮತ್ತೆ ಕಟ್ಟುತ್ತೇನೆಂದು ಹಟ ತೊಟ್ಟಿದ್ದರು.

"ಇಂಜಿನ್ ಅಂದ್ರೆ ಏನಿಲ್ಲ ಕಣಮ್ಮ. ಗಾಳಿ ಸಲೀಸಾಗಿ ಒಳಕ್ಕೋಗ್ಬೇಕು, ಸಲೀಸಾಗಿ ಆಚೆ ಬರ್ಬೇಕು. ಮನುಸಂಗೂ ಅಷ್ಟೇಯ."

ಗಾಳಿ ಹೋಗುವ ದಾರಿಗಳನ್ನು ಅವರು ಉಜ್ಜಿ ಉಜ್ಜಿ ಅಗಲ ಮಾಡಿ ನುಣುಪಾಗಿಸುತ್ತಿದ್ದರು. ಎಷ್ಟು ನುಣುಪಾಯಿತೆಂದು ನೋಡಲು ಕಣ್ಣು ಸಾಲದು, ಬೆರಳೇ ಬೇಕು. ಅವರ ಬೆರಳು ಜಡ್ಡುಗಟ್ಟಿತ್ತು. ರೇಷ್ಮೆಯಲ್ಲಿ ಎಳೆ ಸಿಕ್ಕಿಕೊಂಡಿದ್ದನ್ನು ತಡವಿ ಹುಡುಕುವ ನನ್ನ ಬೆರಳಿಗೆ ಆ ಕೆಲಸ ಬಂತು. "ಇಲ್ಲಿ ಇನ್ನೂ ತರಿ ಇದೆ ಮಾವ" ಎಂದರೆ, "ನಿಂಗೆ ಎಲ್ಲಾ ಕಡೇನೂ ತರಿಯೇ" ಎಂದು ಗೊಣಗಿಕೊಂಡು ಮತ್ತೆ ಉಜ್ಜುತ್ತಿದ್ದರು. ನಾನು ಅವರಿಗೆ ಹೆದರುವುದು ಯಾವಾಗ ನಿಂತಿತೋ ನನಗೇ ಗೊತ್ತಾಗಲಿಲ್ಲ.

ಬಟ್ಟೆ ಮತ್ತು ದಾರದ ಗುಟ್ಟು ತಿಳಿದದ್ದೂ ಅಲ್ಲಿಯೇ. ಇಂಜಿನ್ನಿನ ಯಾವ ಬಾಯಿ ತೆರೆದರೂ ಕೂಡಲೇ ಅದಕ್ಕೊಂದು ಬಟ್ಟೆ ತುರುಕುತ್ತಿದ್ದರು. ಪ್ರತಿ ಬಟ್ಟೆಗೂ ಉದ್ದನೆಯ ಕೆಂಪು ದಾರ ಹೊಲಿದಿರಬೇಕು, ಅದರ ತುದಿ ಆಚೆ ನೇತಾಡುತ್ತಿರಬೇಕು. "ಬಾಲ ಕಾಣ್ಬೇಕು ಕಣಮ್ಮ" ಎಂಬುದು ಅವರ ಮಂತ್ರ. ಮುಚ್ಚುವ ಮುಂಚೆ ಬಾಲಗಳನ್ನೆಲ್ಲ ಎಣಿಸಿಯೇ ಮುಚ್ಚುವುದು. ಹಿಂದೆ ಯಾರೋ ಒಬ್ಬರು ದಣಿವಿನಲ್ಲಿ, ನಾಳೆಯೇ ಓಟವೆಂಬ ಅವಸರದಲ್ಲಿ ಒಳಗೆ ಬಟ್ಟೆ ಮರೆತು ಇಂಜಿನ್ ಮುಚ್ಚಿದ್ದರಂತೆ. ಇಂಜಿನ್ ಪುಡಿಯಾಯಿತಂತೆ. ಯಾರು ಮರೆತದ್ದು ಎಂದು ಕೇಳಿದೆ. "ಅದು ಬುಡು" ಎಂದು ಬೇರೆ ಕಡೆ ನೋಡಿದರು.

ಇಷ್ಟು ಶಿಸ್ತಿನ ಮನುಷ್ಯ ಸಕ್ಕರೆಯ ವಿಷಯದಲ್ಲಿ ಮಾತ್ರ ಶುದ್ಧ ಕಳ್ಳ. ಕೈಯ ಜಿಡ್ಡು ಹೋಗಲು ಸೋಪಿನ ಪುಡಿಗೆ ಸಕ್ಕರೆ ಬೆರೆಸಿ ಉಜ್ಜಿಕೊಳ್ಳುವುದು ಅವರ ಪದ್ಧತಿ. ಡಾಕ್ಟರು ಸಕ್ಕರೆ ಬಿಡಿಸಿದ ಮೇಲೂ ಡಬ್ಬಿ ಹಾಗೇ ಖಾಲಿಯಾಗುತ್ತಿತ್ತು. "ಕೈಗೆಷ್ಟು, ಬಾಯಿಗೆಷ್ಟು ಮಾವ?" ಎಂದು ನಾನು ಗದರಿದರೆ ಮುಖ ಆಚೆ ತಿರುಗಿಸಿ ಮೀಸೆ ಒರೆಸಿಕೊಳ್ಳುತ್ತಿದ್ದರು.

ಇಂಜಿನ್ ಅರ್ಧ ಕಟ್ಟಿದ್ದಾಗ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಗೊಂತಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಆಸ್ಪತ್ರೆಗೆ ಕರೆದೊಯ್ದೆವು. ಹೃದಯದ ರಕ್ತನಾಳಗಳು ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು, ತಡ ಮಾಡಿದಷ್ಟೂ ಅಪಾಯ ಎಂದರು ಡಾಕ್ಟರು. ಅಲ್ಲಿಂದ ಶುರುವಾಯಿತು ಇವರ ನೆಪ. ಪಿಸ್ಟನ್ ಬರಲಿ ಎಂದರು. ಪಿಸ್ಟನ್ ಬಂತು. ಆಷಾಢದಲ್ಲಿ ಒಳ್ಳೆಯ ಕೆಲಸ ಮಾಡಬಾರದು ಎಂದರು. ಆಪರೇಷನ್ ಒಳ್ಳೆಯ ಕೆಲಸವೇನಪ್ಪ ಎಂದು ನನ್ನ ಗಂಡ ಕೇಳಿದ್ದಕ್ಕೆ, "ಅಂಗಾರೆ ಕೆಟ್ ಕೆಲ್ಸವಾ? ಕೆಟ್ ಕೆಲ್ಸ ಯಾಕ್ಲಾ ಮಾಡುಸ್ಕೊಳ್ಳಿ?" ಎಂದು ಬಾಯಿ ಮುಚ್ಚಿಸಿದರು. ಕೊನೆಗೆ ನಮ್ಮ ನಡುವೆ ಒಂದು ಒಪ್ಪಂದವಾಯಿತು. ವಿಜಯದಶಮಿಯ ದಿನ ಇಂಜಿನ್ ಶುರು, ಹಬ್ಬ ಕಳೆದ ಕೂಡಲೇ ಆಸ್ಪತ್ರೆ. ಆಪರೇಷನ್ನಿನ ದಿನವೂ ನಿಗದಿಯಾಯಿತು. ಅಂದಿನಿಂದ ನಾನು ಹೊಲಿಗೆ ಬದಿಗಿಟ್ಟು ಆ ಇಂಜಿನ್ನಿಗೆ ದುಡಿದೆ. ನನಗೆ ಬೇಕಾಗಿದ್ದದ್ದು ಕಾರಲ್ಲ, ನಮ್ಮ ಮಾವ.

ದಶಮಿಯನ್ನು ಆರಿಸಿದ್ದರಲ್ಲಿ ಅವರದೊಂದು ಲೆಕ್ಕಾಚಾರವಿತ್ತು. ಹೊಸ ಇಂಜಿನ್ ಮೊದಲ ಸಲ ಹತ್ತಿಕೊಂಡ ಮೇಲೆ ಸುಮಾರು ಇಪ್ಪತ್ತು ನಿಮಿಷ ಅದನ್ನು ವೇಗ ಇಳಿಸದೆ ಜೋರಾಗಿಯೇ ಓಡಿಸಬೇಕಂತೆ; ಇಲ್ಲದಿದ್ದರೆ ಒಳಗೆ ಕವಾಟಗಳನ್ನು ಎತ್ತಿಳಿಸುವ ಕ್ಯಾಮ್ ಸವೆದು ಕೆಡುತ್ತದೆ. ಅಂಥ ಸದ್ದನ್ನು ಯಾವ ಬೀದಿ ತಡೆದುಕೊಂಡೀತು? ದಶಮಿ ಮಧ್ಯಾಹ್ನವಾದರೆ ಅರ್ಧ ಜನ ಜಂಬೂಸವಾರಿಗೆ ಹೋಗಿರುತ್ತಾರೆ, ಇನ್ನರ್ಧ ಟೀವಿ ಜೋರು ಮಾಡಿಕೊಂಡು ಅದನ್ನೇ ನೋಡುತ್ತಿರುತ್ತಾರೆ.

ಹಿಂದಿನ ದಿನ ಆಯುಧಪೂಜೆ. ಸ್ಪ್ಯಾನರುಗಳನ್ನೆಲ್ಲ ತೊಳೆದು ಕಂಬಳಿಯ ಮೇಲೆ ಜೋಡಿಸಿ, ಕಾರಿನ ಬಾನೆಟ್ ಎತ್ತಿ ನಿಲ್ಲಿಸಿದೆವು. ಇಂಜಿನ್ನಿನ ಪಕ್ಕಕ್ಕೆ ಗಾಳಿ ಎಳೆದುಕೊಳ್ಳುವ ನಾಲ್ಕು ಕೊಳವೆಗಳು ಬಾಯಿ ತೆರೆದುಕೊಂಡಿದ್ದವು. ಮಾವ ಅವಕ್ಕೆ ತುತ್ತೂರಿ ಎನ್ನುತ್ತಿದ್ದರು. ನಾಲ್ಕರಲ್ಲೂ ಬಟ್ಟೆ, ನಾಲ್ಕೂ ಕೆಂಪು ಬಾಲ ಆಚೆ. ಅವರು ಸ್ನಾನ ಮಾಡಿ ಬೂದುಗುಂಬಳ ತರಲು ಅಂಗಡಿಗೆ ಹೋದರು. ನಾನು ಅಡುಗೆಮನೆಯಲ್ಲಿ ಪ್ರಸಾದದ ಚರುಪಿಗೆ ಬೆಲ್ಲ ಕುಟ್ಟುತ್ತಿದ್ದೆ.

ಆಗ ದೊಡ್ಡತ್ತೆ ಪೂಜೆಯ ತಟ್ಟೆ ಹಿಡಿದು ಕೊಟ್ಟಿಗೆಗೆ ಹೋಗಿದ್ದಾರೆ. ದೇವರ ಮುಂದೆ ಈ ಜಿಡ್ಡು ಬಟ್ಟೆ ಏನು ಕರ್ಮ ಎನಿಸಿದೆ. ನಾಲ್ಕೂ ಬಟ್ಟೆಯನ್ನು ಬಾಲ ಹಿಡಿದು ಎಳೆದು ಬಚ್ಚಲ ಕಲ್ಲಿನ ಮೇಲೆ ಹಾಕಿ, ಒಂದೊಂದು ತುತ್ತೂರಿಗೂ ಒಂದೊಂದು ಸೇವಂತಿಗೆ ಹೂ ಸಿಕ್ಕಿಸಿ, ಕುಂಕುಮ ಇಟ್ಟು, ಮೇಲಿಂದ ಕೈತುಂಬ ಅಕ್ಷತೆ ಹಾಕಿದ್ದಾರೆ. ಕುಂಬಳಕಾಯಿ ಹೆಗಲ ಮೇಲೆ ಹೊತ್ತು ಒಳಗೆ ಬಂದ ಮಾವ ಕಿರುಚಿದ್ದು ಕೇಳಿ ನಾನು ಬೆಲ್ಲದ ಕೈಯಲ್ಲೇ ಓಡಿದೆ.

"ಅಕ್ಕಾ! ಏನ್ ಮಾಡ್ಬುಟ್ಟೆ! ಅಕ್ಕಿ ಹಾಕ್ಬುಟ್ಟಲ್ಲೇ ಬಾಯೊಳಕ್ಕೆ!"

"ಸುಬ ಆಗ್ಲಿ ಅಂತ ಹಾಕ್ದೆ ಕಣ್ಲಾ. ಅದುಕ್ಯಾಕ್ ಇಂಗೆ ಬಡ್ಕೊಂಡೀಯೆ? ನಿನ್ ಮದ್ವೇಲೂ ನಾನೇ ಹಾಕಿದ್ದು."

ಮಾವ ಕುಂಬಳಕಾಯಿ ಇಳಿಸಿ ದೊಡ್ಡತ್ತೆಯನ್ನು ಚೆನ್ನಾಗಿಯೇ ಬೈದರು. ಒಂದು ಕಾಳು ಸಿಲಿಂಡರ್‌ಗೆ ಬಿದ್ದಿದ್ದರೂ ಎಲ್ಲ ಹಾಳು ಎಂದರು. ದೊಡ್ಡತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದರು. ಮಾವ ನಿಟ್ಟುಸಿರುಬಿಟ್ಟು, "ಇನ್ನೇನ್ ಮಾಡೋದು. ಇಂಜಿನ್ ಹೆಡ್ ಬಿಚ್ಬೇಕು. ಎಲ್ಲಾ ಮೊದ್ಲಿಂದ. ದೀಪಾವಳಿ ಕಳೀಲಿ, ಆಮೇಲ್ ನೋಡುವ" ಎಂದರು. ನನಗೆ ಅಲ್ಲೊಂದು ವಿಚಿತ್ರ ಕಂಡಿತು. ಸಿಟ್ಟಾಗಿದ್ದ ಮನುಷ್ಯನ ಭುಜ ಸಡಿಲವಾಗಿತ್ತು, ಮುಖದಲ್ಲಿ ನೆಮ್ಮದಿ ಇತ್ತು.

"ಮಾವ," ಎಂದೆ, "ತುತ್ತೂರಿ ಹಿಂದೆ ಚಿಟ್ಟೆ ಇರುತ್ತಲ್ಲ?"

ಚಿಟ್ಟೆ ಎಂದರೆ ಕಾರ್ಬೊರೇಟರ್ ಒಳಗೆ ಮಗುಚುವ ತೆಳು ತಗಡು. ಆಕ್ಸಿಲರೇಟರ್ ಒತ್ತಿದರೆ ತೆರೆದುಕೊಳ್ಳುತ್ತದೆ, ಬಿಟ್ಟರೆ ದಾರಿ ಮುಚ್ಚುತ್ತದೆ. ನನಗೆ ಅದನ್ನು ಕಲಿಸಿದವರು ಅವರೇ.

"ಯಾರೂ ಆಕ್ಸಿಲರೇಟರ್ ಮುಟ್ಟಿಲ್ಲ. ಚಿಟ್ಟೆ ಮುಚ್ಚಿದೆ. ಅಕ್ಕಿ ಎಲ್ಲ ಅದರ ಈಚೆಗೇ ಕೂತಿರುತ್ತೆ. ಹೆಡ್ ಯಾಕೆ ಬಿಚ್ಚಬೇಕು?"

ಅವರು ಗೊಂತಿನ ಕಟ್ಟೆಯ ಮೇಲೆ ಕೂತು ಕಿವಿಯ ಮೇಲಿನ ದಾರ ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಭಯ ಆಗ್ತಿದೆಯಾ ಮಾವ?"

"ನಾನು ನಿದ್ದೇಲಿರ್ತೀನಿ," ಎಂದರು, ಅವರ ಬಾಯಲ್ಲಿ ನಾನೆಂದೂ ಕೇಳದಷ್ಟು ಸಣ್ಣ ದನಿಯಲ್ಲಿ. "ಎದೆ ತೆಗೆದು ಮಾಡ್ತಾರೆ. ಒಳಗೆ ಬಟ್ಟೆ ಗಿಟ್ಟೆ ಇಡಲೇಬೇಕಲ್ಲ? ಅವರೂ ಮನುಸ್ರೇ. ದಣಿದಿರ್ತಾರೆ. ಬಾಲ ಕಟ್ತಾರೋ ಇಲ್ವೋ, ಯಾರ್ ನೋಡೋರು?"

"ಅದು ಬುಡು" ಎಂದು ಅವರು ಅಂದು ಅರ್ಧಕ್ಕೇ ಬಿಟ್ಟ ಕತೆ ನನಗೆ ಆಗ ಪೂರ್ತಿ ಅರ್ಥವಾಯಿತು. ಒಳಗೆ ಬಟ್ಟೆ ಮರೆತವರು ಇವರೇ. ಇಬ್ಬರೂ ಸೇರಿ ಕಾರ್ಬೊರೇಟರುಗಳನ್ನು ಬಿಚ್ಚಿ, ತಟ್ಟೆಯ ಮೇಲೆ ಬಗ್ಗಿಸಿದೆವು. ಅರಿಶಿನದ ಅಕ್ಕಿ ಗಲಗಲ ಉದುರಿತು. ಚಿಟ್ಟೆಯಿಂದ ಆಚೆಗೆ ಒಂದು ಕಾಳೂ ಹೋಗಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರು, ನನ್ನ ಬೆರಳು ಹಾಕಿಸಿ ತಡವಿಸಿದರು, ಆಮೇಲೆ ಎದ್ದು ಒಳಗೆ ಹೋಗಿ, "ಅಕ್ಕ, ಎದ್ದೇಳು, ಕುಂಬಳಕಾಯಿ ಒಡೀಬೇಕು, ಬಾ" ಎಂದರು. ಕ್ಷಮಿಸು ಎನ್ನುವುದು ಅವರ ನಾಲಿಗೆಗೆ ಬರುತ್ತಿರಲಿಲ್ಲ. ದೊಡ್ಡತ್ತೆಗೆ ಅಷ್ಟು ಸಾಕಾಗಿತ್ತು.

ಮರುದಿನ ಬೀದಿ ಖಾಲಿಯಾದ ಮೇಲೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. "ನಾನ್ ಕೈ ಎತ್ತೋಗಂಟ ಕಾಲ್ ತೆಗೀಬೇಡ" ಎಂದರು. ಕೀಲಿ ತಿರುಗಿಸಿದೆ. ಎರಡು ಸಲ ಕೆಮ್ಮಿತು. ಮೂರನೆಯ ಸಲ ಹತ್ತಿಕೊಂಡು ಕೂಗಿದ ಕೂಗಿಗೆ ಸೂರಿನ ಹೆಂಚು ನಡುಗಿ ಧೂಳು ಉದುರಿತು. ಮಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಒಂದೊಂದೇ ಜಾಗ ಕೇಳುತ್ತ ಹೋದರು. ನನಗೆ ಕಾಲು ಜೋಮು ಹಿಡಿಯಿತು, ಕಣ್ಣಲ್ಲಿ ನೀರು ಬಂತು, ಅದು ಹೊಗೆಯದೋ ನನ್ನದೋ ಗೊತ್ತಾಗಲಿಲ್ಲ. ಕೊನೆಗೆ ಕೈ ಎತ್ತಿದರು. ಕಾಲು ತೆಗೆದೆ. ಇಂಜಿನ್ ಕೂಗು ಇಳಿಸಿ, ಉಂಡು ಕೂತ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ಪಕ್ಕದ ಮನೆಗಳಿಂದ ಜಂಬೂಸವಾರಿಯ ವರದಿ ಕೇಳಿಸುತ್ತಿತ್ತು. ಮಾವ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಆಮೇಲೆ, "ನಾಳಿದ್ದು ಎಷ್ಟೊತ್ಗೆ ಹೋಗ್ಬೇಕು ಆಸ್ಪತ್ರೆಗೆ?" ಎಂದು ಅವರೇ ಕೇಳಿದರು.

ಆಪರೇಷನ್ ಮಾಡುವ ಡಾಕ್ಟರು ಹಿಂದಿನ ದಿನ ನೋಡಲು ಬಂದಾಗ ಮಾವ ಹಾಸಿಗೆಯಲ್ಲಿ ಎದ್ದು ಕೂತು ಕೇಳಿಯೇಬಿಟ್ಟರು.

"ಸಾರ್, ಒಳಗೆ ಇಡ್ತೀರಲ್ಲ ಬಟ್ಟೆ, ಅದುಕ್ಕೆ ಬಾಲ ಇರ್ತದಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಇಂಜಿನ್ನಿನ ಕತೆ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ಇರುತ್ತೆ ಯಜಮಾನ್ರೆ. ನಾವೂ ದಾರ ಇಟ್ಟೇ ಇಡೋದು. ಮುಚ್ಚೋ ಮುಂಚೆ ಎಲ್ಲ ಎಣಿಸ್ತೀವಿ. ಲೆಕ್ಕ ಸರಿಹೋಗದೆ ನಾನು ಮುಚ್ಚೋದೇ ಇಲ್ಲ. ನಮ್ಮದು ಮಾತ್ರ ನೀಲಿ ದಾರ."

"ನೀಲಿ ಯಾಕೆ ಸಾರ್? ಕೆಂಪು ಚೆನ್ನಾಗಿ ಕಾಣ್ತದೆ."

"ರಕ್ತದಲ್ಲಿ ಕೆಂಪು ಎಲ್ಲಿ ಕಾಣುತ್ತೆ?"

ಮಾವ ಒಂದು ಗಳಿಗೆ ಯೋಚಿಸಿ ತೊಡೆ ತಟ್ಟಿಕೊಂಡು ನಕ್ಕರು. "ಸರ್ಯಾಗ್ ಹೇಳುದ್ರಿ. ಮಾಡಿ ಸಾರ್, ಮಾಡಿ" ಎಂದು ಮಲಗಿದವರು ಅಂದು ಚೆನ್ನಾಗಿ ನಿದ್ದೆ ಮಾಡಿದರು. ನಾನು ಪಕ್ಕದಲ್ಲಿ ಕೂತು ಆ ಗೊರಕೆ ಕೇಳಿ ಎಷ್ಟೋ ತಿಂಗಳ ಮೇಲೆ ಹಗುರಾದೆ.

ಆಪರೇಷನ್ ಸುಸೂತ್ರವಾಯಿತು. ಅದಾದ ಮೇಲೆ ಮಾವ ವರ್ಷಗಳ ಕಾಲ ನಮ್ಮ ಜೊತೆಗಿದ್ದರು. ಆ ಪುಟ್ಟ ಕಾರಿನಲ್ಲೇ ನನಗೆ ಡ್ರೈವಿಂಗ್ ಕಲಿಸಿದರು, ಕಲಿಸುವಾಗ ಸಿಕ್ಕಾಪಟ್ಟೆ ಬೈದರು. ರಿಂಗ್ ರೋಡಿನಲ್ಲಿ ಎರಡು ಪಟ್ಟು ದೊಡ್ಡ ಕಾರೊಂದನ್ನು ನಾನು ಹಿಂದಕ್ಕೆ ಹಾಕಿದ ದಿನ ಮಾತ್ರ ಏನೂ ಅನ್ನದೆ ಕಿಟಕಿಯಾಚೆ ನೋಡುತ್ತ ಮೀಸೆ ತಿರುವಿದರು. ಯಾರ ಮುಂದೆಯೂ ತಲೆ ತಗ್ಗಿಸಿಯೇ ಗೊತ್ತಿದ್ದ ಸೊಸೆಗೆ, ಕಾಣಿಸಿದ್ದನ್ನು ಬಾಯಿಬಿಟ್ಟು ಹೇಳುವುದನ್ನು ಕಲಿಸಿದವರು ಅವರು. ಆ ಋಣ ದೊಡ್ಡದು. ಕಾರು ಈಗಲೂ ಕೊಟ್ಟಿಗೆಯಲ್ಲಿದೆ. ಅದನ್ನು ಓಡಿಸುವವಳೂ ಬಿಚ್ಚಿ ನೋಡುವವಳೂ ನಾನೇ.

ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಮಲಗಿದ ಮಾವ ಏಳಲಿಲ್ಲ. ನರಳಲಿಲ್ಲ, ಯಾರನ್ನೂ ಕೂಗಲಿಲ್ಲ. ಅಳು ಬಂತು, ಆದರೆ ಕೊಟ್ಟಿಗೆಯಲ್ಲಿ ಕಂಡಿದ್ದ ಆ ಭಯ ಅವರ ಮುಖದ ಮೇಲೆ ಎಲ್ಲೂ ಇರಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವೂ ಆಯಿತು.

ಹಜಾರದಲ್ಲಿ ಮಲಗಿಸಿದ್ದರು. ಬಾಯಿಗೆ ಅಕ್ಕಿ ಹಾಕುವ ಹೊತ್ತು ಬಂದಾಗ, ಮೊದಲು ಅಕ್ಕ ಹಾಕಲಿ ಎಂದರು ಹಿರಿಯರು. ದೊಡ್ಡತ್ತೆಯನ್ನು ಇಬ್ಬರು ಹಿಡಿದು ಕರೆತಂದರು. ಅವರು ತಮ್ಮನ ತಲೆಯ ಹತ್ತಿರ ಕೂತು, ಮುಷ್ಟಿಯಲ್ಲಿ ಅಕ್ಕಿ ಹಿಡಿದು ಕೈ ಚಾಚಿ, ಅಲ್ಲೇ ನಿಲ್ಲಿಸಿದರು. ತಲೆಯೆತ್ತಿ ಅಷ್ಟು ಜನರ ನಡುವೆ ನನ್ನನ್ನು ಹುಡುಕಿದರು.

"ಈಗ ಹಾಕ್ಬೋದೇನವ್ವ? ಬೈಯಾಕಿಲ್ಲ ತಾನೆ?"

"ಹಾಕಿ ದೊಡ್ಡತ್ತೆ," ಎಂದೆ. "ಬೈಯಲ್ಲ."