ರಾಣಿಗೆ ಇಡಿಸಿದ ಬಾಗಿಲು

ಈಗ ಬಸ್ಸಿನ ಹಾರ್ನು ಕೇಳುವ ಕೊಡಿಯಾಲ್‌ಬೈಲಿನಲ್ಲಿ ಆಗ ರಾಣಿಯ ಕೊರಳ ಗಂಟೆ ಕೇಳುತ್ತಿತ್ತು. ರಾಣಿ ಜಟ್ಕಾದ ಹಸನಬ್ಬರ ಕುದುರೆ. ನಾನು ಹುಡುಗಿಯರ ಹಾಸ್ಟೆಲಿನ ವಾರ್ಡನ್. ನಮ್ಮ ಹಿತ್ತಲಿನ ಹಲಸಿನ ಮರದಡಿ, ತೆಂಗಿನ ಮಡಲು ಹೊದಿಸಿದ ಮಾಡಿನ ಕೆಳಗೆ ರಾಣಿಯ ವಾಸ. ಮಳೆ ಹಿಡಿದಾಗ ಕನಿಕರವಾಗಿ, ಅದಕ್ಕೆಂದು ಸೌದೆ ಕೊಟ್ಟಿಗೆ ಖಾಲಿ ಮಾಡಿಸಿ ಬಾಗಿಲು ಇಡಿಸಿದೆ.

"ಬಾಗಿಲು ಬೇಡಮ್ಮ, ಅದಕ್ಕೆ ಗಾಳಿ ಬೇಕು," ಎಂದರು ಹಸನಬ್ಬ.

"ಮಳೆಗಾಲದಲ್ಲಿ ಗಾಳಿ ಎಂತಕ್ಕೆ? ಶೀತ ಆಗ್ತದೆ." ನಾನು ಬಿ.ಎ. ಓದಿದವಳಲ್ಲವೇ!

ಹದಿನೈದು ದಿನದಲ್ಲಿ ರಾಣಿಗೆ ಕೆಮ್ಮು ಹತ್ತಿತು. ಜಟ್ಕಾ ಎಳೆಯಲಾಗದೆ ಕದ್ರಿ ಗುಡ್ಡದ ಏರಿನಲ್ಲಿ ನಿಂತೇಬಿಟ್ಟಿತು. ಜಟ್ಕಾ ಇಲ್ಲದೆ ಹಸನಬ್ಬರ ಮನೆಯ ಒಲೆ ಉರಿಯುವಂತಿರಲಿಲ್ಲ. ಮರುದಿನ ನೋಡಿದರೆ ಅವರು ಬಾಗಿಲನ್ನೇ ಕಿತ್ತಿದ್ದರು.

"ಯಾರನ್ನು ಕೇಳಿ ತೆಗೆದದ್ದು?"

"ಕೆಮ್ಮುವವಳನ್ನು ಕೇಳಿ. ನೀವೇ ಒಳಗೆ ಸ್ವಲ್ಪ ನಿಂತು ನೋಡಿ ಅಮ್ಮ."

ನಿಂತೆ. ಬಾಗಿಲು ಹೋಗಿದ್ದರೂ ಗಂಜಳದ ಘಾಟಿಗೆ ಕಣ್ಣು ಉರಿಯಿತು. ರಾಣಿ ಮರದಡಿಗೆ ಮರಳಿತು. ಕೆಲವೇ ದಿನಗಳಲ್ಲಿ ಕೆಮ್ಮು ನಿಂತಿತು, ರಾಣಿ ಮತ್ತೆ ಕದ್ರಿ ಹತ್ತಿತು.

ನಮ್ಮ ಹುಡುಗಿಯರೂ ಮಳೆಗಾಲವಿಡೀ ಕೆಮ್ಮುತ್ತಿದ್ದರು. ಸಂಜೆಯಾದರೆ ಕಿಟಕಿ ಮುಚ್ಚಬೇಕೆಂಬುದು ಹಾಸ್ಟೆಲಿನ ನಿಯಮ. ಅವನ್ನೆಲ್ಲ ತೆರೆಸಿದೆ. ಯಾರ ಸಲಹೆಯ ಮೇಲೆ ಎಂದು ಆಡಳಿತ ಸಮಿತಿ ಕೇಳಿತು. "ಅನುಭವಸ್ಥರದು" ಎಂದು ಬರೆದುಕೊಟ್ಟೆ. ಕುದುರೆಯದು ಎಂದು ಬರೆಯುವ ಧೈರ್ಯ ಆಗ ಇರಲಿಲ್ಲ. ಈಗ ಉಂಟು, ಆದರೆ ಕೇಳುವವರಿಲ್ಲ.