ಬಂದವರೇ ಅಳಿಸಬೇಕು

ಅವರ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಮೂವತ್ತು ವರ್ಷ ಚಾಮರಾಜನಗರದಲ್ಲಿ ಟೈಪಿಂಗ್ ಶಾಲೆ ನಡೆಸಿ, ಹಳೆಯ ಯಂತ್ರಗಳ ಗಟ್ಟಿ ಕೀಲಿಗಳನ್ನು ಒತ್ತಿ ಒತ್ತಿ ಹಾಗಾಯಿತು ಎನ್ನುತ್ತಿದ್ದರು. ಕಂಪ್ಯೂಟರಿನ ಮೆತ್ತನೆಯ ಕೀಬೋರ್ಡನ್ನೂ ಅದೇ ಬಿರುಸಿನಲ್ಲಿ ಬಡಿಯುತ್ತಿದ್ದರು. ಪಕ್ಕದಲ್ಲಿದ್ದ ನನ್ನ ಟೀ ಲೋಟ ನಡುಗುತ್ತಿತ್ತು. ಸಾಲು ಮುಗಿದಾಗ ಅವರ ಎಡಗೈ ತಾನಾಗಿಯೇ ಎದ್ದು, ಅಲ್ಲಿಲ್ಲದ ಟೈಪ್‌ರೈಟರಿನ ಹಿಡಿಯನ್ನು ಗಾಳಿಯಲ್ಲಿ ಬಲಕ್ಕೆ ತಳ್ಳಿ ಕೆಳಗಿಳಿಯುತ್ತಿತ್ತು.

ಗುಂಡ್ಲುಪೇಟೆಯಲ್ಲಿ ನಮ್ಮದು ಆರು ಜನರ ಕಚೇರಿ. ರೈತರ ಜಮೀನಿನಿಂದ ಮಣ್ಣು ತಂದು, ಪರೀಕ್ಷೆ ಮಾಡಿ, ಯಾವ ಬೆಳೆಗೆ ಯಾವ ಗೊಬ್ಬರ ಎಂದು ಬರೆದುಕೊಡುವ ಕೆಲಸ. ಟೈಪಿಂಗ್ ಶಾಲೆ ಮುಚ್ಚಿದ ಮೇಲೆ ಅವರು ಇಲ್ಲಿಗೆ ಸೇರಿದ್ದರು. ದಿನವೂ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಇಲ್ಲಿ ಓಡಾಡಲು ಕಚೇರಿಯ ಹಿಂದೆ ಅವರದೊಂದು ಹಳೆಯ ಸ್ಕೂಟರ್ ಇರುತ್ತಿತ್ತು. ನಮಗೆಲ್ಲ ಅವರು ಮೇಷ್ಟ್ರು.

ಬಿಎಸ್ಸಿ ಮುಗಿಸಿ ನಾನು ಕೆಲಸಕ್ಕೆ ಸೇರಿದ ವಾರವೇ ಮೇಷ್ಟ್ರು ಬಂದು ನನ್ನ ಪರದೆಯನ್ನು ನೋಡಿದರು. ಅದರ ತುಂಬ ಫೈಲುಗಳು, ತೆರೆದಿಟ್ಟ ಇಪ್ಪತ್ತು ವೆಬ್ ಪುಟಗಳು.

"ಇದೇನಮ್ಮಿ, ಸಂತೆ ಮುಗ್ದ ಮೈದಾನ ಇದ್ದಂಗದೆ?"

"ಎಲ್ಲಾ ಬೇಕಾಗುತ್ತೆ ಸಾರ್."

"ಬೇಕಾದೋವೇ ಕಣಮ್ಮಿ. ಆದ್ರೆ ಬಾಗ್ಲು ತೆಗುದ್ರೆ ನಿನ್ ಮನೆ ಕಾಣ್ಬೇಕು, ಊರೋರ ಸಂತೆ ಅಲ್ಲ."

ಮನೆ ಎಂದರೆ ಅವರ ಲೆಕ್ಕದಲ್ಲಿ ಹೋಮ್‌ಪೇಜ್. ಬೆಳಿಗ್ಗೆ ಬ್ರೌಸರ್ ತೆರೆದ ಕೂಡಲೇ ಅವರವರ ಕೆಲಸಕ್ಕೆ ತಕ್ಕಂತೆ ಅವರೇ ಕಟ್ಟಿಕೊಂಡ ಪುಟ ಕಾಣಬೇಕು ಎನ್ನುವುದು ಅವರ ಹಟ. ಯಾರೂ ಕೇಳಿರಲಿಲ್ಲ. ಆದರೂ ಪ್ರತಿ ಶನಿವಾರ ಊಟವಾದ ಮೇಲೆ ಒಂದು ಗಂಟೆ ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು. ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಮಣ್ಣಿನ ಚೀಲಕ್ಕೆ ಅಂಟಿಸಿ ಉಳಿದ ಚೀಟಿಗಳನ್ನು ಹಂಚಿ, ದಿನಕ್ಕೆ ಯಾವುದನ್ನು ಎಷ್ಟು ಸಲ ಹುಡುಕುತ್ತೀರೋ ಅಷ್ಟು ಗೀಟು ಹಾಕಿ ಎಂದರು. ಹೆಚ್ಚು ಗೀಟು ಬಿದ್ದದ್ದು ಪುಟದ ತಲೆಗೆ, ಕಡಿಮೆ ಬಿದ್ದದ್ದು ಕಾಲಿಗೆ. ಆಮೇಲೆ ನೋಟ್‌ಪ್ಯಾಡಿನಲ್ಲಿ ಪುಟ ಕಟ್ಟುವ ಕೋಡನ್ನು ಒಂದೊಂದೇ ಸಾಲು ಬರೆಸಿದರು. ತೆರೆದ ಟ್ಯಾಗನ್ನು ಮುಚ್ಚುವುದು ಮರೆತರೆ ಪುಟವೆಲ್ಲ ಸೊಟ್ಟಗಾಗುತ್ತಿತ್ತು. "ತೆಗ್ದ ಬಾಗ್ಲ ಯಾರ್ ಹಾಕ್ಬೇಕು? ನಿಮ್ಮಪ್ಪನಾ?" ಎಂದು ಗದರುತ್ತಿದ್ದರು.

ಮಣ್ಣು ಪರೀಕ್ಷೆಯ ಕೋಣೆಯ ಅಕ್ಕ ತನ್ನ ಪುಟಕ್ಕೆ ಹಿನ್ನೆಲೆಯಾಗಿ ಚೆಂಡುಹೂವಿನ ತೋಟದ ಫೋಟೋ ಹಾಕಿಕೊಂಡು, ಅಕ್ಷರವೇ ಕಾಣದಂತೆ ಮಾಡಿಬಿಟ್ಟಿದ್ದಳು. ಮೇಷ್ಟ್ರು ಕನ್ನಡಕ ಮೇಲೆತ್ತಿ, "ಬೋ ಚೆಂದಾಗದೆ. ಮೊಳ ಎಷ್ಟವ್ವ?" ಎಂದರು. ಜೀಪಿನ ಡ್ರೈವರಣ್ಣ ಮಾತ್ರ ಬಾಗಿಲಲ್ಲೇ ನಿಂತಿದ್ದ.

"ನಂಗ್ಯಾಕ್ ಸಾ ಅದು? ನಾನ್ ಗಾಡಿ ಓಡ್ಸೋನು."

"ನಿಂಗೇ ಮೊದ್ಲು ಬೇಕು ಕಣ್ಲಾ. ನಾವ್ ಎಲ್ಲಾದ್ರೂ ಬಿದ್ದೋದ್ರೆ ಉಡುಕ್ಕೊಂಡ್ ಬರೋನು ಯಾರು, ನೀನೇ ತಾನೆ?"

ತಮಾಷೆಗೆ ಆಡಿದ ಮಾತಲ್ಲ ಅದು. ಬಂಡೀಪುರದ ಕಡೆಯ ಕಾಡಂಚಿನ ಜಮೀನುಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅದಕ್ಕಾಗಿ ಎಲ್ಲರ ಪುಟದ ತಲೆಯಲ್ಲೂ ಮೇಷ್ಟ್ರು ಒಂದೇ ಚೌಕವನ್ನು ಕೂರಿಸಿದ್ದರು. ಒಬ್ಬರು ಅದರಲ್ಲಿ ಬರೆದರೆ ಆರು ಜನರ ಪುಟದಲ್ಲೂ ಕಾಣುತ್ತಿತ್ತು. ಯಾರು ಹೊರಗೆ ಹೋಗಿದ್ದಾರೆ, ಯಾವ ಕಡೆ, ಎಷ್ಟು ಗಂಟೆಗೆ ವಾಪಸ್ಸು. ಹೇಳಿದ ಗಂಟೆ ಮೀರಿ ಕಾಲು ಗಂಟೆ ಆದರೆ ಡ್ರೈವರಣ್ಣ ಜೀಪು ತೆಗೆದು ಆ ಕಡೆ ಹೊರಡಬೇಕು. ಹೊರಡುವ ಮುಂಚೆ ಬರೆಯಬೇಕು, ಬಂದ ಮೇಲೆ ಅಳಿಸಬೇಕು. ಒಬ್ಬರ ಹೆಸರನ್ನು ಇನ್ನೊಬ್ಬರು ಅಳಿಸುವಂತಿಲ್ಲ. "ಬಂದೋರೇ ಅಳುಸ್ಬೇಕು. ಆಗ್ಲೇ ಅವ್ರು ಬಂದವ್ರೆ ಅಂತ ಗ್ಯಾರಂಟಿ."

ಆ ಬುಧವಾರ ನಾವಿಬ್ಬರೂ ಬಂಡೀಪುರದ ಕಡೆ ಹೋಗಬೇಕಿತ್ತು. ಹಿಂದಿನ ದಿನ ತೆರಕಣಾಂಬಿ ಕಡೆ ಹೋಗಿ ಬಂದಿದ್ದೆವು. ಬರೆಯುವ ಅಭ್ಯಾಸ ನನಗಾಗಲಿ ಎಂದು ಮೇಷ್ಟ್ರು ಎರಡೂ ದಿನ ಆ ಕೆಲಸವನ್ನು ನನಗೇ ಬಿಟ್ಟಿದ್ದರು. ಹೊರಗೆ ಸ್ಕೂಟರ್ ಸ್ಟಾರ್ಟ್ ಆಗಿತ್ತು. ನಾನು ಪುಟ ತೆರೆದೆ. ಹಿಂದಿನ ದಿನ ಡ್ರೈವರಣ್ಣನ ಎದುರಿಗೇ ವಾಪಸ್ಸು ಬಂದಿದ್ದರಿಂದ ಇಬ್ಬರೂ ಮರೆತಿದ್ದೆವು, ಆ ಸಾಲು ಅಳಿಸದೆ ಹಾಗೇ ಇತ್ತು: ತೆರಕಣಾಂಬಿ ಕಡೆ, ಮೇಷ್ಟ್ರು, ನಾನು, ಮಧ್ಯಾಹ್ನ ಒಂದು ಗಂಟೆ. ಹೆಸರು ಅವೇ, ಗಂಟೆಯೂ ಅದೇ. ಊರೊಂದನ್ನು ಬದಲಿಸಬೇಕು, ಅಷ್ಟೆ. ಅಷ್ಟರಲ್ಲಿ ಹಾರನ್ ಕೇಳಿಸಿತು. ಅಷ್ಟು ಹೊತ್ತಿಗೆ ಬಂದೇ ಬರುತ್ತೇವಲ್ಲ ಎಂದುಕೊಂಡು ಎದ್ದುಬಿಟ್ಟೆ.

"ಬರುದ್ಯಾ?"

"ಬರೆದೆ ಸಾರ್."

ಜಮೀನಿನ ಮೂಲೆಯಲ್ಲೊಂದು ದೊಡ್ಡ ಆಲದ ಮರ ಇತ್ತು. ಸ್ಕೂಟರನ್ನು ಅದರ ನೆರಳಿಗೇ ನಿಲ್ಲಿಸಿದ್ದೆವು. ಕೊಂಬೆಗಳಲ್ಲಿ ಹೆಜ್ಜೇನು ಕಟ್ಟಿದ್ದನ್ನು ಇಬ್ಬರೂ ನೋಡಿರಲಿಲ್ಲ. ಹನ್ನೆರಡರ ಹೊತ್ತಿಗೆ, ಸ್ವಲ್ಪ ದೂರದಲ್ಲಿ ಟಾರ್ಪಾಲು ಹಾಸಿ ಅದರ ಮೇಲೆ ಮಣ್ಣು ಕಲೆಸುತ್ತಿದ್ದೆವು. ಗಿಡುಗವೋ ಏನೋ, ಒಂದು ಹಕ್ಕಿ ಮರಕ್ಕೆ ಎರಗಿ ಹಾರಿತು. ಮರುಗಳಿಗೆಯಲ್ಲಿ ಆಕಾಶವೇ ಗುಂಯ್‌ಗುಟ್ಟಿತು. ನನ್ನ ಕೈಗೆ, ಕತ್ತಿಗೆ ಬೆಂಕಿ ತಗುಲಿದಂತಾಯಿತು. ಮೇಷ್ಟ್ರು ಮಣ್ಣನ್ನು ಕೊಡವಿ ಟಾರ್ಪಾಲನ್ನು ನನ್ನ ಮೇಲೆ ಎಸೆದು, ನೆಲಕ್ಕೆ ಒತ್ತಿದರು. ಅದು ಒಬ್ಬರಿಗೆ ಮಾತ್ರ ಸಾಲುವಷ್ಟಿತ್ತು. ಗಾಳಿಗೆ ಏಳದಂತೆ ಅದರ ಅಂಚಿನ ಮೇಲೆ ತಾವು ಬೋರಲಾಗಿ ಮಲಗಿದರು.

"ಅಲ್ಲಾಡ್ಬ್ಯಾಡ ಕಣಮ್ಮಿ. ಉಸ್ರು ಮೆತ್ತುಗ್ ಬುಡು."

"ಸಾರ್, ನೀವೂ ಒಳಗೆ ಬನ್ನಿ."

"ನಂದು ದಪ್ಪ ಚರ್ಮ. ಸುಮ್ಕಿರು."

ಟಾರ್ಪಾಲಿನ ಆಚೆ ಅವರ ಉಸಿರು ನನಗೆ ಕೇಳುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ದಪ್ಪಗಾದ ನಾಲಿಗೆಯಲ್ಲಿ, "ಗಂಟೆ ಎಷ್ಟು?" ಎಂದರು. ಹನ್ನೆರಡೂವರೆ ಎಂದೆ.

"ಎದ್ ಓಗ್ಬ್ಯಾಡ, ಇನ್ನೂ ಅವೆ. ಒಂದೂಕಾಲ್ಗೆ ಜೀಪ್ ಒರಡ್ತದೆ. ನಮ್ಮೋರ್ ಬತ್ತಾರೆ. ಬರುದ್ದೀಯಲ್ಲ."

ನನಗೆ ನೆನಪಾದದ್ದು ಆಗ. ಜೀಪು ಹೊರಡುತ್ತದೆ, ತೆರಕಣಾಂಬಿಗೆ. ನಾವಿರುವುದು ಬೇರೊಂದು ದಿಕ್ಕಿನಲ್ಲಿ.

"ಬರೆದಿದ್ದೀನಿ ಸಾರ್," ಎಂದೆ.

ಆಗಲೇ ಎದ್ದು ಓಡಬೇಕಿತ್ತು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದದ್ದು ಆ ಹೊಲದಲ್ಲಿ ನನಗೊಬ್ಬಳಿಗೆ. ಆದರೆ ಟಾರ್ಪಾಲಿನ ಮೇಲೆ ಹುಳುಗಳು ಟಪಟಪ ಬೀಳುತ್ತಿದ್ದವು. ನನಗೆ ಭಯವಾಯಿತು, ಮಲಗಿಯೇ ಇದ್ದೆ. ಅವರು ಇನ್ನೂ ಎರಡು ಸಲ "ಬತ್ತಾರೆ" ಎಂದರು. ಎರಡನೆಯದು ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯದು. ಅವರ ಮಾತು ನಿಂತ ಮೇಲೆ ನಾನು ಎದ್ದೆ. ಸ್ಕೂಟರ್ ಇದ್ದ ಮರದ ಕಡೆ ಹೋಗುವ ಧೈರ್ಯವಾಗಲಿಲ್ಲ, ಟಾರ್ಪಾಲನ್ನೇ ಅವರಿಗೆ ಹೊದಿಸಿ ರಸ್ತೆಗೆ ಓಡಿದೆ. ತರಕಾರಿ ತುಂಬಿಕೊಂಡು ಹೋಗುತ್ತಿದ್ದ ವ್ಯಾನೊಂದು ನಿಂತಿತು. ಅವರನ್ನು ಹೊತ್ತು ತಂದು ಟೊಮೆಟೊ ಕ್ರೇಟುಗಳ ನಡುವೆ ಮಲಗಿಸಿದಾಗ ಎರಡು ದಾಟಿತ್ತು. ಮುಖ ಗುರುತು ಸಿಗುವಂತಿರಲಿಲ್ಲ. ಬಾಗಿದ ಕಿರುಬೆರಳನ್ನು ಹಿಡಿದುಕೊಂಡು ಕೂತೆ.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಸಂಜೆಯೊಳಗೆ ಮೇಷ್ಟ್ರು ಹೋಗಿಬಿಟ್ಟರು. ಒಂದು ಗಂಟೆ ಮುಂಚೆ ತಂದಿದ್ದರೆ ಉಳಿಯುತ್ತಿದ್ದರಾ ಎಂದು ಕೇಳಿದೆ. ಡಾಕ್ಟರು, "ಹೇಳೋಕಾಗಲ್ಲಮ್ಮ," ಎಂದರು. ಉಳಿಯುತ್ತಿರಲಿಲ್ಲ ಎಂದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ.

ಡ್ರೈವರಣ್ಣ ಆಸ್ಪತ್ರೆಗೆ ಬಂದಾಗ ಅವನ ಅಂಗಿಯೆಲ್ಲ ಧೂಳು. "ತೆರಕಣಾಂಬಿ ಸುತ್ತ ಒಂದ್ ಒಲನೂ ಬುಡ್ದಂಗೆ ಉಡುಕ್ದೆ ಕಣವ್ವ," ಎಂದ. ಯಾಕೆ ಹಾಗಾಯಿತು ಎಂದು ಅವನು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ಚಾಮರಾಜನಗರದ ಅವರ ಮನೆಗೆ ಹೋದಾಗ ಮೇಷ್ಟ್ರ ಹೆಂಡತಿ ನನ್ನ ಕೈ ಮೇಲಿನ ಬಾವು ಸವರಿ, "ಕಡೇಲಿ ಏನಂದ್ರವ್ವ?" ಎಂದು ಕೇಳಿದರು. ನಮ್ಮೋರು ಬರ್ತಾರೆ ಅಂದರು ಎಂದೆ. ಅವರು ತಲೆಯಾಡಿಸಿದರು. "ಅಂಗೇ ಅವ್ರು, ಎಲ್ಲಾರ್ನೂ ನಂಬೋರು," ಎಂದರು. ಉಳಿದದ್ದನ್ನು ಹೇಳಲು ನನ್ನಿಂದ ಆಗಲಿಲ್ಲ. ಇಲ್ಲಿ ಬರೆದಿದ್ದೇನೆ. ಇದನ್ನು ಮೊದಲು ಅವರಿಗೇ ಓದಿಸುತ್ತೇನೆ.

ಮತ್ತೆ ಕಚೇರಿಗೆ ಹೋದ ದಿನ ಬ್ರೌಸರ್ ತೆರೆದೆ. ನಾನು ಕಟ್ಟಿದ ಮನೆ, ಅವರು ಕಲಿಸಿದ್ದು. ಪುಟದ ತಲೆಯ ಚೌಕದಲ್ಲಿ ಆ ಸಾಲು ಹಾಗೇ ಇತ್ತು. ಐವರ ಪುಟದಲ್ಲೂ ಅದು ದಿನವೂ ಕಾಣುತ್ತಿದ್ದರೂ ಯಾರೂ ಮುಟ್ಟಿರಲಿಲ್ಲ. ತೆರಕಣಾಂಬಿ ಎಂಬುದನ್ನು ತೆಗೆದು ಬಂಡೀಪುರ ಎಂದು ಬರೆದೆ. ವಾಪಸ್ಸು ಬಂದವಳು ನಾನು, ನನ್ನ ಹೆಸರನ್ನು ಅಳಿಸಿದೆ.

ಅವರ ಹೆಸರು ಇದೆ. ಅದನ್ನು ಅಳಿಸಬೇಕಾದವರು ಅವರೇ.